ಕೊಪ್ಪಳದ ಹೂವು ದುಬೈಗೆ: ರೀಫರ್ ಗಾಡಿ ಮೊದಲೋ, ಕೋಲ್ಡ್ ರೂಮ್ ಮೊದಲೋ?

ಪ್ರಶ್ನೆ: ಸರ್, ನಾವು ಕುಷ್ಟಗಿ ತಾಲ್ಲೂಕಿನ ನಾಲ್ವರು ರೈತರು. ಇಬ್ಬರ ಪಾಲಿಹೌಸ್‌ನಲ್ಲಿ ಜರ್ಬೆರಾ ಇದೆ, ಒಬ್ಬರದು ಗುಲಾಬಿ, ಇನ್ನೊಬ್ಬರು ಬಯಲಲ್ಲಿ ಮಲ್ಲಿಗೆ ಹಾಕಿದ್ದಾರೆ. ಮದುವೆ ಸೀಸನ್‌ನಲ್ಲಿ ಹೊಸಪೇಟೆ, ಹುಬ್ಬಳ್ಳಿಗೆ ಕಳಿಸುತ್ತೇವೆ, ಉಳಿದ ದಿನ ರೇಟು ನೆಲಕಚ್ಚುತ್ತದೆ. ಒಬ್ಬ ಏಜೆಂಟರು "ಎಲ್ಲರೂ ಕೂಡಿ ಸಾಲ ಮಾಡಿ ಒಂದು ರೀಫರ್ ಗಾಡಿ ತಗೊಳ್ಳಿ, ನಿಮ್ಮ ಹೂವು ದುಬೈಗೂ ಹೋಗುತ್ತದೆ, ಹಾಲೆಂಡ್‌ಗೂ ಹೋಗುತ್ತದೆ" ಅನ್ನುತ್ತಿದ್ದಾರೆ. ಗಾಡಿ ತಗೊಂಡರೆ ಸಾಕೇ? ಬಳ್ಳಾರಿಯಲ್ಲಿ ಕೋಲ್ಡ್ ಸ್ಟೋರೇಜ್ ಬಾಡಿಗೆಗೆ ಸಿಗುತ್ತದೆ, ಅಲ್ಲಿ ಹೂವು ಇಡಬಹುದೇ? ದಯವಿಟ್ಟು ತಿಳಿಸಿ.

ಉತ್ತರ: ಸಾಲದ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ಹಾಕಿಲ್ಲವಾದರೆ ಸದ್ಯಕ್ಕೆ ತಡೆಯಿರಿ. ರೀಫರ್ ಗಾಡಿ, ಅಂದರೆ ತಂಪು ಯಂತ್ರ ಕೂರಿಸಿದ ಲಾರಿ, ಹೂವನ್ನು ತಣ್ಣಗೆ ಮಾಡುವುದಿಲ್ಲ. ಮೊದಲೇ ತಣ್ಣಗಾದ ಹೂವನ್ನು ತಣ್ಣಗೇ ಇಟ್ಟುಕೊಂಡು ಊರು ಮುಟ್ಟಿಸುತ್ತದೆ, ಅಷ್ಟೇ ಅದರ ಕೆಲಸ. ಗೋಡೆ, ಬಾಗಿಲು, ಚಾವಣಿಯಿಂದ ಒಳಗೆ ಇಳಿಯುವ ಬಿಸಿಯನ್ನು ಹೊರಹಾಕುವಷ್ಟೇ ಶಕ್ತಿ ಅದರ ಯಂತ್ರಕ್ಕಿರುತ್ತದೆ. ಕುಷ್ಟಗಿಯ ಏಪ್ರಿಲ್ ಬಿಸಿಲಲ್ಲಿ ಕಾದ ಬಾಕ್ಸ್‌ಗಳನ್ನು ಒತ್ತೊತ್ತಾಗಿ ಪೇರಿಸಿ ಬಾಗಿಲು ಹಾಕಿದರೆ ಡ್ರೈವರ್ ಮುಂದಿನ ಮೀಟರು 2 ಡಿಗ್ರಿ ತೋರಿಸುತ್ತಿರುತ್ತದೆ, ಬಾಕ್ಸಿನ ನಡುವಿನ ಹೂವು ಬೆಂಗಳೂರು ಮುಟ್ಟಿದರೂ ಬೆಚ್ಚಗೇ ಇರುತ್ತದೆ. ಮೀಟರು ತೋರಿಸುವುದು ಗಾಳಿಯ ಉಷ್ಣತೆ, ಹೂವಿನದಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಮೊದಲು ಹೊಲದ ಪಕ್ಕ ಕೋಲ್ಡ್ ರೂಮ್, ಅದರೊಳಗೆ ಗಾಳಿ ಎಳೆಯುವ ವ್ಯವಸ್ಥೆ. ಗಾಡಿ ಬಾಡಿಗೆಯದೇ ಸಾಕು. ಹಾಲೆಂಡಿನ ಮಾತು ಸದ್ಯಕ್ಕೆ ಬೇಡ. ದುಬೈ ಆಗುವ ಮಾತೇ, ಆದರೆ ಜರ್ಬೆರಾದಿಂದಲ್ಲ. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕೊಯ್ದ ಹೂವಿಗೂ ಜೀವ ಇದೆ. ಅದು ಉಸಿರಾಡುತ್ತದೆ, ದಂಟಿನಲ್ಲಿ, ದಳಗಳಲ್ಲಿ ಕೂಡಿಟ್ಟ ಸಕ್ಕರೆಯನ್ನು ಸುಡುತ್ತದೆ, ಸುಡುವಾಗ ಬಿಸಿಯನ್ನೂ ಹೊರಬಿಡುತ್ತದೆ. ಬೇರು ಕಳಕೊಂಡ ಮೇಲೆ ಆ ಸಕ್ಕರೆ ಮತ್ತೆ ತುಂಬುವುದಿಲ್ಲ. ಹೂವಿನ ಆಯಸ್ಸು ಅಂದರೆ ಆ ಕೂಡಿಟ್ಟದ್ದು ಎಷ್ಟು ದಿನ ಬರುತ್ತದೆ ಎಂಬ ಲೆಕ್ಕ. ಸೊನ್ನೆಯ ಹತ್ತಿರ ಇಟ್ಟ ಗುಲಾಬಿಗೆ ಹೋಲಿಸಿದರೆ 10 ಡಿಗ್ರಿಯಲ್ಲಿ ಇಟ್ಟದ್ದು ಸುಮಾರು ಮೂರು ಪಟ್ಟು ಬೇಗ ಮುಪ್ಪಾಗುತ್ತದೆ. 30 ದಾಟಿದರೆ ಕೇಳುವುದೇ ಬೇಡ.

ಈ ವ್ಯಾಪಾರದವರು ಡಿಗ್ರಿ-ಗಂಟೆ ಅಂತ ಲೆಕ್ಕ ಹಾಕುತ್ತಾರೆ. ಉಷ್ಣತೆಯನ್ನು ಗಂಟೆಗಳಿಂದ ಗುಣಿಸಿ ಕೂಡುತ್ತಾ ಹೋಗುವುದು. 2 ಡಿಗ್ರಿಯಲ್ಲಿ ಎರಡು ಇಡೀ ದಿನ ಕಳೆದ ಹೂವಿನ ಖಾತೆಗೆ 96 ಬೀಳುತ್ತದೆ. ಕೊಯ್ದು ತಗಡಿನ ಶೆಡ್ಡಿನಲ್ಲಿ 34 ಡಿಗ್ರಿಯಲ್ಲಿ ಬರೀ ಮೂರು ಗಂಟೆ ಕಾದ ಹೂವಿಗೆ 102. ನಿಜವಾದ ನಷ್ಟ ಇದಕ್ಕಿಂತ ಹೆಚ್ಚು, ಯಾಕೆಂದರೆ ಬಿಸಿ ಏರಿದಂತೆ ಉಸಿರಾಟ ಅದೇ ಅಳತೆಯಲ್ಲಿ ಏರದೆ ಅದಕ್ಕಿಂತ ಜೋರಾಗಿ ಏರುತ್ತದೆ. ಕೊಪ್ಪಳದಿಂದ ವಿಮಾನ ಏರಿ ದುಬೈ ಮಾರುಕಟ್ಟೆ ಸೇರುವ ತನಕ ಆಗುವ ಖರ್ಚಿಗಿಂತ ಹೆಚ್ಚಿನ ಆಯಸ್ಸನ್ನು ನಿಮ್ಮ ಶೆಡ್ಡಿನಲ್ಲೇ, ಗಾಡಿ ಬರುವ ಮುಂಚೆಯೇ ಖರ್ಚು ಮಾಡಿರುತ್ತೀರಿ.

ಆ ನಷ್ಟ ಅವತ್ತು ಕಣ್ಣಿಗೆ ಬೀಳುವುದಿಲ್ಲ ಎಂಬುದೇ ದೊಡ್ಡ ತೊಂದರೆ. ಬಾಕ್ಸ್ ಕಟ್ಟುವಾಗ ಎರಡೂ ಹೂವು ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಕೊಂಡವರ ಮನೆಯಲ್ಲಿ, ನಾಲ್ಕನೇ ದಿನ ಕತ್ತು ಬಗ್ಗಿಸಿದಾಗ. ಆಮೇಲೆ ಅವರು ನಿಮಗೆ ದೂರು ಹೇಳುವುದಿಲ್ಲ, ಮುಂದಿನ ಸಲ ಕೊಳ್ಳುವುದಿಲ್ಲ.

ಈಗ ತಣ್ಣಗೆ ಮಾಡುವ ಕೆಲಸಕ್ಕೆ ಬರೋಣ. ಇದರಲ್ಲೇ ನಿಮ್ಮ ದುಡ್ಡು ಉಳಿಯುವುದು ಅಥವಾ ಹೋಗುವುದು. ಬಾಕ್ಸ್ ಕಟ್ಟಿ ಕೋಲ್ಡ್ ರೂಮಿನಲ್ಲಿ ಸುಮ್ಮನೆ ಇಟ್ಟರೆ ತಣ್ಣಗಾಗುವುದಿಲ್ಲವೇ ಎಂದು ಕೇಳುತ್ತೀರಿ. ಆಗುತ್ತದೆ, ಬಹಳ ತಡವಾಗಿ. ರಟ್ಟಿನ ಬಾಕ್ಸು, ಒಳಗಿನ ಕಾಗದ, ಹೂವುಗಳ ನಡುವೆ ನಿಂತ ಗಾಳಿ ಎಲ್ಲ ಸೇರಿ ಕಂಬಳಿ ಹೊದಿಸಿದಂತಾಗಿ ಹೊರಗಿನ ತಂಪು ಒಳಗೆ ಹೋಗುವುದಿಲ್ಲ. ಒಳಗಿನ ಹೂವು ತನ್ನ ಉಸಿರಿನ ಬಿಸಿಯಲ್ಲೇ ಬೇಯುತ್ತಿರುತ್ತದೆ. ಅದಕ್ಕೇ ಬಾಕ್ಸಿನ ಎರಡೂ ತುದಿಗೆ ತೂತು ಇರಬೇಕು, ಆ ತೂತುಗಳ ಮೂಲಕ ತಣ್ಣನೆ ಗಾಳಿಯನ್ನು ಫ್ಯಾನಿನಿಂದ ಎಳೆಯಬೇಕು. ಫೋರ್ಸ್ಡ್ ಏರ್ ಕೂಲಿಂಗ್ ಎಂದು ದೊಡ್ಡ ಹೆಸರಿದ್ದರೂ ಸಣ್ಣ ಮಟ್ಟದಲ್ಲಿ ಊರಿನ ಬಡಿಗೇರರೇ ಮಾಡಿಕೊಡಬಹುದಾದ ಸಾಮಾನು ಇದು. ಪ್ಲೈವುಡ್ಡಿನ ಒಂದು ದೊಡ್ಡ ಪೆಟ್ಟಿಗೆ, ಅದರ ಬೆನ್ನಿಗೆ ಹೊರಮುಖವಾಗಿ ಒಂದು ಎಕ್ಸಾಸ್ಟ್ ಫ್ಯಾನು, ಎದುರಿಗೆ ಬಾಯಿ. ಆ ಬಾಯಿಯ ಎದುರು ನಡುವೆ ಓಣಿ ಬಿಟ್ಟು, ತೂತು ಓಣಿಗೆ ತೆರೆಯುವಂತೆ ಬಾಕ್ಸ್‌ಗಳ ಎರಡು ಸಾಲು ಜೋಡಿಸಿ, ಓಣಿಯ ಮೇಲೆ ಮತ್ತು ಕೊನೆಗೆ ತಾಡಪಾಲು ಹೊದಿಸಬೇಕು. ಫ್ಯಾನು ಹಾಕಿದರೆ ರೂಮಿನ ತಣ್ಣನೆ ಗಾಳಿಗೆ ಬಾಕ್ಸಿನ ಒಳಗಿಂದಲೇ ಹಾದುಬರದೆ ಬೇರೆ ದಾರಿ ಇರುವುದಿಲ್ಲ. ತಾಡಪಾಲು ಒಳಮುಖವಾಗಿ ಬಿಗಿಯಾಗಿ ಅಂಟಿಕೊಂಡರೆ ಕೆಲಸ ಸರಿಯಾಗಿದೆ ಎಂದರ್ಥ. ಸಡಿಲವಾಗಿ ಪಟಪಟ ಹೊಡೆದುಕೊಳ್ಳುತ್ತಿದ್ದರೆ ಎಲ್ಲೋ ಸಂದಿಯಲ್ಲಿ ಗಾಳಿ ತಪ್ಪಿಸಿಕೊಳ್ಳುತ್ತಿದೆ.

ಎಷ್ಟು ಹೊತ್ತು ಇಡಬೇಕು? ಹೂವು 34 ಡಿಗ್ರಿ, ರೂಮು 2 ಡಿಗ್ರಿ ಎಂದುಕೊಳ್ಳಿ, ಅಂತರ 32. ಆ ಅಂತರ ಅರ್ಧಕ್ಕೆ ಇಳಿದು ಹೂವು 18ಕ್ಕೆ ಬರಲು 20 ನಿಮಿಷ ಹಿಡಿದರೆ, ಮತ್ತೆ ಅಷ್ಟೇ ಹೊತ್ತಿಗೆ 10, ಇನ್ನೊಮ್ಮೆ ಅಷ್ಟೇ ಹೊತ್ತಿಗೆ 6. ಎಂಟು ಪಾಲಿನ ಬಿಸಿಯಲ್ಲಿ ಏಳು ಪಾಲು ಒಂದು ಗಂಟೆಯೊಳಗೆ ಹೋಯಿತು. ಪ್ರೀಕೂಲಿಂಗ್ ಮುಗಿಯಿತು ಎಂದು ಸಾಮಾನ್ಯವಾಗಿ ಹೇಳುವುದು ಈ ಹಂತಕ್ಕೇ. ಉಳಿದದ್ದನ್ನು ರೂಮು ತಾನೇ ಇಳಿಸುತ್ತದೆ. ನಿಮ್ಮ ಬಾಕ್ಸಿಗೆ, ನಿಮ್ಮ ಫ್ಯಾನಿಗೆ ಎಷ್ಟು ನಿಮಿಷ ಬೇಕು ಎಂಬುದನ್ನು ಸೂಜಿ ಥರ್ಮಾಮೀಟರ್ ಚುಚ್ಚಿ ನೋಡಿಯೇ ತಿಳಿಯಬೇಕು. ಬಾಕ್ಸಿನ ನಟ್ಟನಡುವಿನ ಹೂವಿನ ತಲೆಗೆ ಚುಚ್ಚಿ. ಒಂದು ಹೂವು ಹಾಳಾದರೆ ಆಗಲಿ.

ರೂಮು ದೊಡ್ಡದು ಬೇಡ. ನಾಲ್ವರ ಹೂವಿಗೆ ಹತ್ತಡಿ ಚದರದ, ಹೊರಗಿನ ಬಿಸಿ ತಡೆಯುವ ಪಫ್ ಪ್ಯಾನೆಲ್ಲಿನ ಕೋಣೆಯಿಂದ ಶುರು ಮಾಡಬಹುದು. ಮನೆಯ ಸ್ಪ್ಲಿಟ್ ಎಸಿಯನ್ನೇ ಇನ್ನೂ ಕೆಳಗಿಳಿಸುವ ಕೂಲ್‌ಬಾಟ್ ಥರದ ಕಂಟ್ರೋಲರುಗಳಿವೆ. ಆದರೆ ಅವು ಇಟ್ಟದ್ದನ್ನು ಕಾಯಲು ಒಳ್ಳೆಯವು, ಬಿಸಿ ಹೂವಿನಿಂದ ಗಂಟೆಯೊಳಗೆ ಶಾಖ ಎಳೆಯುವ ತಾಕತ್ತು ಒಂದು ಎಸಿಗೆ ಇರುವುದಿಲ್ಲ. ಯಂತ್ರ ಕೊಡುವವರಿಗೆ "ದಿನಕ್ಕೆ ಇಷ್ಟು ಕೆಜಿ ಹೂವು, ಇಷ್ಟು ಡಿಗ್ರಿಯಿಂದ ಇಷ್ಟಕ್ಕೆ, ಇಷ್ಟು ಗಂಟೆಯಲ್ಲಿ ಇಳಿಯಬೇಕು" ಎಂದು ಬರೆದುಕೊಡಿ. ಬರೀ ರೂಮಿನ ಅಳತೆ ಹೇಳಿದರೆ ದಾಸ್ತಾನಿನ ಯಂತ್ರ ಕೂರಿಸಿ ಹೋಗುತ್ತಾರೆ.

ಕರೆಂಟಿನ ವಿಚಾರ ಮರೆಯಬೇಡಿ. ಪಂಪ್‌ಸೆಟ್ಟಿನ ಏಳು ಗಂಟೆಯ ತ್ರೀಫೇಸ್ ನಂಬಿ ಕೋಲ್ಡ್ ರೂಮ್ ನಡೆಸಲಾಗದು. ಜೆಸ್ಕಾಂನಿಂದ ಬೇರೆ ಸಂಪರ್ಕ, ಜೊತೆಗೆ ಜನರೇಟರು, ಎರಡೂ ಅಂದಾಜುಪಟ್ಟಿಯಲ್ಲಿ ಇರಲಿ. ಜನರೇಟರಿನ ಹೊಗೆ ರೂಮಿನ ಕಡೆ ತಿರುಗದಂತೆ ನೋಡಿಕೊಳ್ಳಿ, ಅದರಲ್ಲಿ ಎಥಿಲೀನ್ ಇರುತ್ತದೆ. ಹಣ್ಣು ಮಾಗಿಸುವ ಅದೇ ಅನಿಲ ಹೂವನ್ನೂ ಮುಪ್ಪು ಮಾಡುತ್ತದೆ, ಕಾರ್ನೇಶನ್ನಿನ ದಳ ಒಳಕ್ಕೆ ಸುರುಳುತ್ತದೆ, ಗುಲಾಬಿ ದಳ ಉದುರಿಸುತ್ತದೆ. ಸೀಸನ್ನಿನಲ್ಲಿ ಮಾವಿನಹಣ್ಣಿನ ಎರಡು ಬುಟ್ಟಿಯನ್ನು "ಜಾಗ ಖಾಲಿ ಇದೆಯಲ್ಲ" ಎಂದು ಹೂವಿನ ರೂಮಿನಲ್ಲಿ ಇಡುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಮಾವು, ಬಾಳೆ, ಪಪ್ಪಾಯಿ ಒಂದೂ ಬೇಡ.

ಬಳ್ಳಾರಿ ಕೋಲ್ಡ್ ಸ್ಟೋರೇಜ್ ಬೇಡವೆಂದೇ ಹೇಳುತ್ತೇನೆ. ಅಲ್ಲಿನವು ಹೆಚ್ಚಾಗಿ ಒಣ ಮೆಣಸಿನಕಾಯಿಗಾಗಿ ಕಟ್ಟಿದವು. ಮೆಣಸಿನಕಾಯಿಗೆ ಬೂಸ್ಟು ಹಿಡಿಯಬಾರದು, ಹಾಗಾಗಿ ಹವೆ ಒಣಗಿರಬೇಕು. ಹೂವಿಗೆ ಬೇಕಾದ ತೇವಾಂಶ ಶೇ 90ರಿಂದ 95. ಒಣ ಹವೆಯಲ್ಲಿ ಒಂದು ರಾತ್ರಿ ಇಟ್ಟ ಜರ್ಬೆರಾ ತಣ್ಣಗೇನೋ ಇರುತ್ತದೆ, ಆದರೆ ನೀರು ಕಳೆದುಕೊಂಡು ಬಾಡಿರುತ್ತದೆ. ಘಾಟಿನ ಮಾತು ಬೇರೆ. ಅದೂ ಅಲ್ಲದೆ ಅಲ್ಲಿಗೆ ಒಯ್ಯುವಷ್ಟರಲ್ಲಿ ಹೂವು ಕಾದಿರುತ್ತದೆ.

ನೀರಿನ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ತಾಲ್ಲೂಕಿನ ಹೆಸರು ನೋಡಿ ಹೇಳಲೇಬೇಕು ಅನಿಸಿತು. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಜಾಸ್ತಿ ಎಂಬುದು ಅಲ್ಲಿನ ಜನರಿಗೆ ಹಲ್ಲು ನೋಡಿದರೇ ಗೊತ್ತು. ಜರ್ಬೆರಾಕ್ಕೆ ಫ್ಲೋರೈಡ್ ಆಗದು. ಕೊಯ್ದ ಜರ್ಬೆರಾವನ್ನು ಆ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದರೆ ದಳದ ತುದಿ ಸುಟ್ಟಂತಾಗಿ ಆಯಸ್ಸು ಕುಗ್ಗುತ್ತದೆ, ನೀವು ಕೋಲ್ಡ್ ರೂಮನ್ನು ಬೈಯುತ್ತ ಕೂರುತ್ತೀರಿ. ಬಕೆಟ್ಟಿಗೆ ಆರ್‌ಓ ನೀರು ಅಥವಾ ಚಾವಣಿಯಿಂದ ಹಿಡಿದ ಮಳೆನೀರು ಹಾಕಿ. ಊರಿನ ಶುದ್ಧ ನೀರಿನ ಘಟಕದ ನೀರು ಆದೀತು, ಬಕೆಟ್ಟಿನ ತಳಕ್ಕೆ ನಾಲ್ಕು ಬೆರಳು ಸಾಕು. ಅದಕ್ಕೆ ತುಸು ಕ್ಲೋರಿನ್ ಬೆರೆಸಿ. ಬ್ಯಾಕ್ಟೀರಿಯಾ ಬೆಳೆದು ದಂಟಿನ ನಾಳ ಕಟ್ಟಿಕೊಂಡರೆ ಕತ್ತು ಬಗ್ಗುತ್ತದೆ. ಜರ್ಬೆರಾವನ್ನು ಬುಡದಿಂದ ಕಿತ್ತ ಮೇಲೆ ಆ ಗಟ್ಟಿ ಹಿಮ್ಮಡಿಯನ್ನು ಕತ್ತರಿಸಲೇಬೇಕು, ಅದು ನೀರು ಕುಡಿಯುವುದಿಲ್ಲ. ಕೀಳುವ ಹೊತ್ತು ಬೆಳಕು ಹರಿಯುವಾಗ, ನಡುವಿನ ತಟ್ಟೆಯಲ್ಲಿ ಹೊರಗಿನ ಎರಡು ಸುತ್ತು ಪರಾಗ ಬಿಟ್ಟಿರಬೇಕು. ಅದಕ್ಕಿಂತ ಎಳಸು ಕಿತ್ತರೆ ಯಾವ ತಂಪೂ ಉಳಿಸುವುದಿಲ್ಲ.

ಇನ್ನೊಂದು ಎಚ್ಚರಿಕೆ ಬೆವರಿನದು. ತಣ್ಣಗಾದ ಹೂವನ್ನು ಬೆಚ್ಚಗಿನ ಶೆಡ್ಡಿಗೆ ತಂದು ಬಂಚ್ ಕಟ್ಟಲು ಕೂತರೆ ದಳದ ಮೇಲೆ ನೀರಿನ ಹನಿ ಕೂರುತ್ತದೆ. ಬೂದು ಬೂಸ್ಟು, ಅಂದರೆ ಬೋಟ್ರೈಟಿಸ್, ಮೊಳೆಯಲು ಆ ಹನಿ ಸಾಕು, ಫ್ರಿಜ್ಜಿನ ತಂಪಿನಲ್ಲೂ ಅದು ನಿಧಾನವಾಗಿ ಬೆಳೆಯುತ್ತದೆ. ಗುಲಾಬಿಯ ಹೊರದಳದ ಮೇಲೆ ಮೊದಲು ಸಾಸಿವೆಯಷ್ಟು ಚುಕ್ಕೆ, ಆಮೇಲೆ ಇಡೀ ಮೊಗ್ಗೇ ಕೊಳೆತು ಕಳಚುತ್ತದೆ. ಬಂಚ್ ಕಟ್ಟಿ, ಬಾಕ್ಸ್ ತುಂಬಿ, ಆಮೇಲೆ ತಣ್ಣಗೆ ಮಾಡಿ. ಒಮ್ಮೆ ತಣ್ಣಗಾದದ್ದು ಮತ್ತೆ ಹೊರಗೆ ಬರಬಾರದು.

ಗಾಡಿಗೆ ಬಂದರೆ, ನಿಮ್ಮಲ್ಲಿಂದ ಹೊಸಪೇಟೆ, ಚಿತ್ರದುರ್ಗ, ತುಮಕೂರು ಹಾದು ಬೆಂಗಳೂರಿಗೆ ಹೆಚ್ಚು ಕಡಿಮೆ 400 ಕಿಲೋಮೀಟರು. ಒಂದು ರಾತ್ರಿಯ ದಾರಿ. ವಾರದಲ್ಲಿ ಕೆಲವೇ ದಿನ ಓಡಿಸಲು ಸ್ವಂತ ರೀಫರ್ ತಗೊಂಡರೆ ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ, ಹಿಂದಿರುಗುವಾಗ ಗಾಡಿ ಖಾಲಿ. ಔಷಧಿ, ಐಸ್‌ಕ್ರೀಮು, ಹಾಲಿನ ಪದಾರ್ಥ ಇಳಿಸಿ ಬೆಂಗಳೂರಿಗೆ ಖಾಲಿ ವಾಪಸಾಗುವ ರೀಫರುಗಳು ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿ ಕಡೆ ಇರುತ್ತವೆ, ಅವರೊಂದಿಗೆ ಮಾತಾಡಿ. ತುಂಬುವ ಮುಂಚೆ ಗಾಡಿಯ ಒಳಗು ತಣ್ಣಗಾಗಿರಬೇಕು. ಬಾಕ್ಸು ಚಾವಣಿಗೆ ತಾಗಬಾರದು, ಗೋಡೆಗೆ ಒತ್ತಬಾರದು, ಗಾಳಿ ತಿರುಗಲು ಸಂದಿ ಬೇಕು. ಎಲ್ಲಕ್ಕಿಂತ ಮುಖ್ಯ, ಊಟಕ್ಕೆ ನಿಂತಾಗ ಡೀಸೆಲ್ ಉಳಿಸಲು ಯಂತ್ರ ಬಂದ್ ಮಾಡುವ ಅಭ್ಯಾಸ ಬಿಡಿಸಬೇಕು. ಹಿರಿಯೂರಿನ ಡಾಬಾದಲ್ಲಿ ಒಂದು ಗಂಟೆ ಬಂದ್ ಆದದ್ದು ಬೆಂಗಳೂರಿನಲ್ಲಿ ಯಾರಿಗೂ ಕಾಣುವುದಿಲ್ಲ, ಮುಟ್ಟುವ ಹೊತ್ತಿಗೆ ಮೀಟರು ಮತ್ತೆ 2ಕ್ಕೆ ಬಂದಿರುತ್ತದೆ. ಅದಕ್ಕೇ ಬಾಕ್ಸಿನೊಳಗೆ ಒಂದು ಡೇಟಾ ಲಾಗರ್ ಹಾಕಿ. ಪೆನ್‌ಡ್ರೈವಿನಷ್ಟು ಸಾಮಾನು, ಕಂಪ್ಯೂಟರಿಗೆ ಚುಚ್ಚಿದರೆ ದಾರಿಯುದ್ದದ ಉಷ್ಣತೆಯನ್ನು ಗೆರೆ ಎಳೆದು ತೋರಿಸುತ್ತದೆ. ಎಲ್ಲಿ, ಎಷ್ಟು ಹೊತ್ತಿಗೆ ಬಿಸಿಯಾಯಿತು ಎಂದು ಸಮಯದ ಸಮೇತ ಗೊತ್ತಾದರೆ ಡ್ರೈವರ್ ಜೊತೆ ಜಗಳವೂ ಬೇಡ, ಗೆರೆ ತೋರಿಸಿ ಮಾತಾಡಬಹುದು.

ರಾಯಚೂರು ಕಡೆಯ ಓದುಗರಿಗೆ ಒಂದು ಮಾತು. ನಿಮಗೆ ಬೆಂಗಳೂರಿಗಿಂತ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ ಅರ್ಧದಾರಿಯಷ್ಟು ಹತ್ತಿರ, ಬೇಸಿಗೆಯಲ್ಲಿ ಆ ವ್ಯತ್ಯಾಸ ದೊಡ್ಡದು.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬೇಗ ಕೆಡುವ ಸರಕಿಗೆಂದೇ ಶೀತಲ ಕಾರ್ಗೋ ಕೇಂದ್ರ ಇದೆ, ಅದರೊಳಗೆ ಹೂವು ಸುರಕ್ಷಿತ. ಅಪಾಯ ಇರುವುದು ಕೈ ಬದಲಾಗುವ ಜಾಗಗಳಲ್ಲಿ: ಗಾಡಿಯಿಂದ ಇಳಿಸುವಾಗ, ಎಕ್ಸ್‌ರೇ ತಪಾಸಣೆಯ ಸಾಲಿನಲ್ಲಿ, ಬಾಕ್ಸ್‌ಗಳನ್ನು ಪ್ಯಾಲೆಟ್ ಎಂಬ ಹಲಗೆಗೆ ಕಟ್ಟಿದ ಮೇಲೆ ವಿಮಾನದ ಪಕ್ಕ ಕಾಯುವಾಗ, ಆಮೇಲೆ ದುಬೈಯಲ್ಲಿ ಇಳಿದಾಗ. ವಿಮಾನದಲ್ಲಿ ನಾಲ್ಕು ಗಂಟೆಯ ಪ್ರಯಾಣ, ಕೊಲ್ಲಿಯ ಜುಲೈ ಬಿಸಿಲಲ್ಲಿ ಕಾಂಕ್ರೀಟಿನ ಮೇಲೆ ಒಂದು ಗಂಟೆ ನಿಂತರೆ ಆ ನಾಲ್ಕು ಗಂಟೆಯನ್ನೂ ನುಂಗಿ ಹಾಕುತ್ತದೆ. ಪ್ಯಾಲೆಟ್ ಮೇಲೆ ಬೆಳ್ಳಿ ಬಣ್ಣದ ಥರ್ಮಲ್ ಹೊದಿಕೆ ಹಾಕಿಸಿ, ರಾತ್ರಿ ಇಳಿಯುವ ವಿಮಾನ ಕೇಳಿ.

ಏಜೆಂಟರು ನಿಮಗೆ ಹೇಳದ ಲೆಕ್ಕ ಇಲ್ಲಿದೆ. ವಿಮಾನದವರು ತೂಕಕ್ಕೆ ಮಾತ್ರ ಬಾಡಿಗೆ ಹಾಕುವುದಿಲ್ಲ, ಜಾಗಕ್ಕೂ ಹಾಕುತ್ತಾರೆ. ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಬರುವ ಕೆಜಿ, ತಕ್ಕಡಿಯ ಕೆಜಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 100, 40, 30 ಸೆಂಟಿಮೀಟರಿನ ಬಾಕ್ಸ್ ತಕ್ಕಡಿಯಲ್ಲಿ 8 ಕೆಜಿ ತೂಗಿದರೂ ನೀವು ಕಟ್ಟಬೇಕಾದದ್ದು 20 ಕೆಜಿಗೆ. ಜರ್ಬೆರಾ ಜಾಗ ತಿನ್ನುವ ಹೂವು, ಅಗಲ ತಲೆ, ಒಂದೊಂದಕ್ಕೂ ಪ್ಲಾಸ್ಟಿಕ್ ಟೋಪಿ, ಒತ್ತುವಂತಿಲ್ಲ. ಅದರ ಬಾಡಿಗೆಯೇ ಬೆಲೆಯನ್ನು ಮೀರಿದರೆ ಆಶ್ಚರ್ಯವಿಲ್ಲ. ಜರ್ಬೆರಾಕ್ಕೆ ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಕೇಂದ್ರ, ಹೈದರಾಬಾದಿನ ಮದುವೆ ಮಂಟಪಗಳೇ ಸರಿಯಾದ ಊರು. ಅಲ್ಲಿಗೆ ತಣ್ಣಗೆ ಮುಟ್ಟಿಸಿದರೆ ಹೊಸಪೇಟೆಗಿಂತ ಚೆನ್ನಾಗಿ ಗಿಟ್ಟುತ್ತದೆ.

ಗುಲಾಬಿಗೆ ಹಾಲೆಂಡ್ ಯಾಕೆ ಬೇಡ ಎಂದರೆ, ಅಲ್ಲಿನ ಆಲ್ಸ್‌ಮೀರ್ ಊರಿನ ಹೂವಿನ ಹರಾಜಿನಲ್ಲಿ ನಿಮ್ಮ ಎದುರು ನಿಲ್ಲುವುದು ಕೀನ್ಯಾದ ನೈವಾಷಾ, ಇಥಿಯೋಪಿಯಾದ ಹೂವು. ನೈವಾಷಾ ಸರೋವರ ಸಮುದ್ರಮಟ್ಟದಿಂದ ಸುಮಾರು 1,880 ಮೀಟರ್ ಎತ್ತರದಲ್ಲಿದೆ, ಕೊಪ್ಪಳ 530ರ ಆಸುಪಾಸು. ಆ ಎತ್ತರದ ತಂಪು ರಾತ್ರಿಗಳಲ್ಲಿ ಮೊಗ್ಗು ನಿಧಾನವಾಗಿ ಬಲಿತು ದಪ್ಪ ತಲೆ, ಉದ್ದ ದಂಟು ಬರುತ್ತದೆ. ನಮ್ಮ ಬಯಲುಸೀಮೆಯ ಸೆಕೆಯಲ್ಲಿ ಅದೇ ತಳಿ ಬೇಗ ಹೂ ಬಿಟ್ಟು ತಲೆ ಸಣ್ಣದಾಗುತ್ತದೆ. ಇದಕ್ಕೆ ಕೋಲ್ಡ್ ಚೈನ್, ಅಂದರೆ ಹೊಲದಿಂದ ಮಾರುಕಟ್ಟೆ ತನಕ ಕಾಯುವ ತಂಪು, ಪರಿಹಾರ ಅಲ್ಲ. ಅಲ್ಲಿನ ಹರಾಜಿನ ಗಡಿಯಾರದಲ್ಲಿ ಬೆಲೆ ಮೇಲಿಂದ ಕೆಳಗೆ ಇಳಿಯುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಸರಕು. ಹೆಸರು ಗೊತ್ತಿಲ್ಲದ ಊರಿನ, ಸಣ್ಣ ತಲೆಯ ಗುಲಾಬಿಗೆ ಯಾರೂ ಮೇಲೆ ಇರುವಾಗ ಒತ್ತುವುದಿಲ್ಲ. ಅಲ್ಲದೆ ಕೀನ್ಯಾದವರು ಈಗ ಮೊಂಬಾಸಾದಿಂದ ಹಡಗಿನ ಶೀತಲ ಕಂಟೇನರಿನಲ್ಲೂ ಗುಲಾಬಿ ಕಳಿಸುತ್ತಿದ್ದಾರೆ, ವಾರಗಟ್ಟಲೆ ಸಮುದ್ರದ ಮೇಲಿದ್ದೂ ಅದು ಮಾರಾಟವಾಗುತ್ತದೆ. ಅದು ಸಾಧ್ಯವಾದದ್ದು ತೋಟದಲ್ಲೇ ಸೊನ್ನೆಯ ಹತ್ತಿರ ಇಳಿಸಿ, ಮತ್ತೆ ಏರಲು ಬಿಡದ ಶಿಸ್ತಿನಿಂದ.

ನಿಮ್ಮ ನಾಲ್ವರಲ್ಲಿ ಹೊರದೇಶದ ದಾರಿ ಹತ್ತಿರ ಇರುವುದು ಮಲ್ಲಿಗೆಯವರಿಗೆ. ದುಬೈ, ಶಾರ್ಜಾ, ದೋಹಾದಲ್ಲಿ ನಮ್ಮವರು, ತಮಿಳರು, ಮಲಯಾಳಿಗಳು ತುಂಬ ಇದ್ದಾರೆ, ಪೂಜೆಗೆ, ಮುಡಿಗೆ, ಓಣಂಗೆ, ಮದುವೆಗೆ ಹೂವು ಬೇಕು, ಆ ಮರುಭೂಮಿಯಲ್ಲಿ ಮಲ್ಲಿಗೆ ಸುಲಭಕ್ಕೆ ಬೆಳೆಯುವುದಿಲ್ಲ. ಮಧುರೈ, ಸತ್ಯಮಂಗಲ ಕಡೆಯವರು ಈ ವ್ಯಾಪಾರ ಮಾಡುತ್ತಲೇ ಇದ್ದಾರೆ. ಪಕ್ಕದ ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿ ಮಾನ್ಯತೆ ಇದೆ, ಅಲ್ಲಿನ ಬೆಳೆಗಾರರ ಜೊತೆ ಸೇರಿದರೆ ಸರಕಿನ ಪ್ರಮಾಣವೂ ಕೂಡುತ್ತದೆ. ಮಲ್ಲಿಗೆ ಒತ್ತಾಗಿ ತುಂಬಬಹುದಾದ್ದರಿಂದ ಜಾಗದ ಬಾಡಿಗೆಯ ಹೊಡೆತ ಕಡಿಮೆ. ಸಂಜೆ ಅರಳಬೇಕಾದ ಮೊಗ್ಗನ್ನು ಸೂರ್ಯ ಹುಟ್ಟುವ ಮುಂಚೆ ಬಿಡಿಸಿ ತಕ್ಷಣ ತಣ್ಣಗೆ ಮಾಡಿದರೆ ಅರಳುವುದನ್ನು ತಡೆದಿಡಬಹುದು, ಕಟ್ಟಿದ ಮಾಲೆಗೂ ಇದೇ. ಥರ್ಮಾಕೋಲ್ ಡಬ್ಬಿಯಲ್ಲಿ ಜೆಲ್ ಐಸ್ ಇಡುವಾಗ ನಡುವೆ ಕಾಗದ ಇರಲಿ, ಐಸ್ ನೇರ ತಾಗಿದ ಮೊಗ್ಗು ಕಂದಾಗುತ್ತದೆ.

ಕಾಗದಪತ್ರ ಅಂಜುವಷ್ಟಿಲ್ಲ. ಆಮದು-ರಫ್ತು ಕೋಡ್, ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಅಪೇಡಾದಲ್ಲಿ ನೋಂದಣಿ, ಪ್ರತಿ ಸರಕಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ. ಕೊನೆಯದೇ ಕಷ್ಟದ್ದು: ತಪಾಸಣೆಯಲ್ಲಿ ಒಂದೇ ಒಂದು ಜೀವಂತ ಥ್ರಿಪ್ಸ್ ಕೀಟ ಸಿಕ್ಕರೂ ಇಡೀ ಸರಕು ನಿಲ್ಲಬಹುದು. ಮೊದಲ ವರ್ಷ ನೀವೇ ರಫ್ತುದಾರರಾಗಲು ಹೋಗಬೇಡಿ. ಬೆಂಗಳೂರು, ಹೊಸೂರಿನಲ್ಲಿ ಈಗಾಗಲೇ ಕೊಲ್ಲಿಗೆ ಕಳಿಸುವವರಿದ್ದಾರೆ, ಅವರ ಸರಕಿನೊಂದಿಗೆ ನಿಮ್ಮ ಡಬ್ಬಿಗಳೂ ಹೋಗಲಿ. ಹಣ ಮುಂಚೆಯೋ, ಮಾರಿದ ಮೇಲೆ ಕಮಿಷನ್ ಕಳೆದೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕಮಿಷನ್ ಮೇಲೆ ಕಳಿಸಿದ ಹೂವು "ಕೆಟ್ಟು ಬಂತು" ಎಂದರೆ ನಿಮ್ಮ ಕೈಯಲ್ಲಿ ಲಾಗರ್ ಗೆರೆ ಬಿಟ್ಟು ಬೇರೆ ಸಾಕ್ಷಿ ಇರುವುದಿಲ್ಲ.

ಸಾಲವೇ ಮಾಡುವುದಾದರೆ ಕೋಲ್ಡ್ ರೂಮಿಗೆ ಮಾಡಿ. 2020ರಲ್ಲಿ ಶುರುವಾದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಏಳು ವರ್ಷದವರೆಗೆ ಎಂದು ಇತ್ತು, ಹೊಸ ಸಾಲಕ್ಕೆ ಈಗಲೂ ಇದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಪ್ಯಾಕ್‌ಹೌಸ್, ಪ್ರೀಕೂಲಿಂಗ್ ಘಟಕಕ್ಕೆ ತೋಟಗಾರಿಕೆ ಇಲಾಖೆಯ ಸಹಾಯಧನವೂ ಇದೆ, ಕಟ್ಟಡ ಶುರು ಮಾಡುವ ಮುಂಚೆಯೇ ಕುಷ್ಟಗಿಯ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಿ. ಮುನಿರಾಬಾದಿನ ತೋಟಗಾರಿಕೆ ಕಾಲೇಜು ನಿಮ್ಮ ಜಿಲ್ಲೆಯಲ್ಲೇ ಇದೆ, ನಕ್ಷೆ ತೋರಿಸಿ ಸಲಹೆ ಕೇಳಿ.

ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಒಂದೇ ದಿನ ಕಿತ್ತ ಜರ್ಬೆರಾ, ಗುಲಾಬಿ ಹತ್ತತ್ತು ಕಡ್ಡಿಯ ಎರಡೆರಡು ಬಂಚ್ ಮಾಡಿ. ಒಂದನ್ನು ಕಿತ್ತ ಅರ್ಧ ಗಂಟೆಯಲ್ಲಿ ಯಾರಾದರೂ ಪರಿಚಯದ ಅಂಗಡಿಯ ಫ್ರಿಜ್ಜಿನಲ್ಲಿ, ಹಣ್ಣು ಇಲ್ಲದ ಖಾನೆಯಲ್ಲಿ, ಕಾಗದ ಸುತ್ತಿ ಇಡಿ. ಇನ್ನೊಂದನ್ನು ನೀವು ಈಗ ಮಾಡುವಂತೆಯೇ ಶೆಡ್ಡಿನಲ್ಲಿ ಮಧ್ಯಾಹ್ನದ ತನಕ ಬಿಟ್ಟು ಆಮೇಲೆ ಅದೇ ಫ್ರಿಜ್ಜಿಗೆ ಹಾಕಿ. ಎರಡು ದಿನದ ನಂತರ ಎರಡನ್ನೂ ತೆಗೆದು ದಂಟಿನ ತುದಿ ಕತ್ತರಿಸಿ ಆರ್‌ಓ ನೀರಿನ ಬಾಟಲಿಯಲ್ಲಿ ನಿಲ್ಲಿಸಿ, ಯಾವುದು ಯಾವ ದಿನ ಕತ್ತು ಬಗ್ಗಿಸಿತು ಎಂದು ಬರೆದಿಡಿ. ಆ ಚೀಟಿಯನ್ನು ಅಂದಾಜುಪಟ್ಟಿಯ ಜೊತೆ ಬ್ಯಾಂಕಿಗೂ ಒಯ್ಯಿರಿ. ನನಗೂ ಒಂದು ಪ್ರತಿ ಕಳಿಸಿದರೆ ನಿಮ್ಮ ಹೂವಿನ ಪ್ರಮಾಣಕ್ಕೆ ಎಷ್ಟು ಟನ್ನಿನ ಯಂತ್ರ ಬೇಕು ಎಂದು ಲೆಕ್ಕ ಹಾಕಿ ಬರೆಯುತ್ತೇನೆ.